ಹಳೇ ಕಂಪ್ಯೂಟರ್ ಗೇಮ್ ಸಂಗ್ರಹಿಸುವ ಹವ್ಯಾಸವೇ? ಸುಲ್ತಾನ್ ಬಜಾರ್ ಗಲ್ಲಿಯಿಂದ ಕಾಪಿರೈಟ್ ಕಾಯ್ದೆವರೆಗೆ ತಿಳಿಯಬೇಕಾದ್ದು ಇಷ್ಟು

ಹೈದರಾಬಾದ್‌ನ ಸುಲ್ತಾನ್ ಬಜಾರ್ ಎಂದರೆ ಮೊದಲು ನೆನಪಾಗುವುದು ಸೀರೆ, ಬಟ್ಟೆ ಅಂಗಡಿಗಳು. ಆದರೆ ಅಲ್ಲಿಂದ ಕೋಠಿ ಕಡೆಗೆ ನಾಲ್ಕು ಹೆಜ್ಜೆ ಹಾಕಿದರೆ ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಹೆಸರಾದ ಗುಜರಾತಿ ಗಲ್ಲಿ ಇದೆ, ಹಳೇ ಪುಸ್ತಕಗಳ ವ್ಯಾಪಾರವೂ ಇದೆ. ಹಳೇ ಗೇಮ್‌ಗಳ ಹುಚ್ಚು ಹಿಡಿದವರಿಗೆ ಈ ಎರಡೂ ಬೇಕು. ಕೆಟ್ಟುಹೋದ ಯಂತ್ರ ರಿಪೇರಿ ಮಾಡಲು ಬಿಡಿಭಾಗ ಬೇಕು, ಆ ಗೇಮ್ ಯಾವ ಕಾಲದ್ದು ಎಂದು ತಿಳಿಯಲು ಹಳೇ ಕಂಪ್ಯೂಟರ್ ಪುಸ್ತಕ, ಪತ್ರಿಕೆಗಳು ಬೇಕು.

ಬ್ರಿಟಿಷ್ ರೆಸಿಡೆನ್ಸಿಯ ಆಡಳಿತದಲ್ಲಿದ್ದ ಈ ಪೇಟೆ 1933ರಲ್ಲಿ ನಿಜಾಮರ ಕೈಗೆ ಮರಳಿದ ಮೇಲೆ ಸುಲ್ತಾನ್ ಬಜಾರ್ ಎಂಬ ಹೆಸರು ಪಡೆಯಿತು. 1956ರವರೆಗೂ ಹೈದರಾಬಾದ್ ರಾಜ್ಯದಲ್ಲೇ ಇದ್ದ ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ಇದು ಅಪರಿಚಿತ ಊರಲ್ಲ. 2020ರ ಫೆಬ್ರವರಿಯಿಂದ ಇಲ್ಲಿಗೆ ಮೆಟ್ರೋ ನಿಲ್ದಾಣವೂ ಬಂದಿದೆ.

ರೆಟ್ರೋ ಗೇಮ್ ಎಂದರೆ ಯಾವುದು?

ಇದಕ್ಕೆ ಕಟ್ಟುನಿಟ್ಟಾದ ವ್ಯಾಖ್ಯೆ ಇಲ್ಲ. ಸಾಮಾನ್ಯವಾಗಿ 1970ರಿಂದ 1990ರ ದಶಕದವರೆಗಿನ ಗೇಮ್‌ಗಳನ್ನು ಹೀಗೆ ಕರೆಯುತ್ತಾರೆ. ನಮ್ಮವರಿಗೆ ಇವು ಎರಡು ದಾರಿಯಲ್ಲಿ ಬಂದವು.

ಒಂದು, ಶಾಲೆ ಮತ್ತು ಕಂಪ್ಯೂಟರ್ ತರಬೇತಿ ಕೇಂದ್ರಗಳ ಡಾಸ್ ಕಂಪ್ಯೂಟರ್‌ಗಳು. 'ಡೇಂಜರಸ್ ಡೇವ್', 'ಪ್ರಿನ್ಸ್ ಆಫ್ ಪರ್ಷಿಯಾ' ಆಡಿದ್ದು ಅಲ್ಲೇ. ಇನ್ನೊಂದು, ಟಿವಿಗೆ ಸಿಕ್ಕಿಸಿ ಆಡುವ 'ವಿಡಿಯೋ ಗೇಮ್' ಡಬ್ಬ. ಇವುಗಳಲ್ಲಿ ಬಹುಪಾಲು ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಬಿಡುಗಡೆ ಮಾಡಿದ 'ಫ್ಯಾಮಿಕಾಮ್' ಯಂತ್ರದ ನಕಲುಗಳು. ಕಾರ್ಟ್ರಿಜ್ ಮೇಲೆ '9999 ಇನ್ 1' ಎಂದಿದ್ದರೂ ಒಳಗಿರುತ್ತಿದ್ದುದು ಕೆಲವೇ ಗೇಮ್‌ಗಳು, ಉಳಿದದ್ದೆಲ್ಲ ಅವುಗಳದ್ದೇ ಪುನರಾವರ್ತನೆ.

ಗಾತ್ರದಲ್ಲಿ ಇವು ತೀರಾ ಚಿಕ್ಕವು. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಇಡೀ ಗೇಮ್ 40 ಕೆಬಿ ಮಾತ್ರ. ಇಂದು ಮೊಬೈಲ್‌ನಲ್ಲಿ ತೆಗೆಯುವ ಒಂದು ಫೋಟೋ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಇವು ಕಾಣೆಯಾಗುತ್ತಿರುವುದು ಏಕೆ?

ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಆ ದೇಶದಲ್ಲಿ ಬಿಡುಗಡೆಯಾದ ಹಳೇ ಗೇಮ್‌ಗಳ ಪೈಕಿ ಶೇ. 87ರಷ್ಟು ಈಗ ಮಾರುಕಟ್ಟೆಯಲ್ಲಿ ಸಿಗುತ್ತಿಲ್ಲ ಎಂಬುದು ಅದರ ಸಾರ. ಕಾರಣಗಳು ಹಲವು:

* ಫ್ಲಾಪಿಯಲ್ಲಿ ಮಾಹಿತಿ ಇರುವುದು ಕಾಂತೀಯ ಲೇಪನದ ಮೇಲೆ. ತೇವ, ಬೂಸ್ಟು, ವಯಸ್ಸು ಮೂರೂ ಅದನ್ನು ಹಾಳು ಮಾಡುತ್ತವೆ.

* ಕಾರ್ಟ್ರಿಜ್‌ಗಳು ಹೆಚ್ಚು ಬಾಳುತ್ತವೆ. ಆದರೆ ಆಟ ಎಲ್ಲಿಗೆ ನಿಂತಿತ್ತು ಎಂದು ನೆನಪಿಡುವ ಕೆಲವು ಕಾರ್ಟ್ರಿಜ್‌ಗಳ ಒಳಗೆ ಚಿಕ್ಕ ಬ್ಯಾಟರಿ ಇರುತ್ತದೆ. ಅದು ಸತ್ತರೆ ಆ ನೆನಪೂ ಹೋಯಿತು.

* ಕೆಲವು ಗೇಮ್‌ಗಳಿಗೆ ಹಳೇ ಟಿವಿಯೇ ಬೇಕು. ಬಾತುಕೋಳಿಗೆ ಗುರಿ ಇಡುವ 'ಡಕ್ ಹಂಟ್' ಇದಕ್ಕೆ ಉದಾಹರಣೆ. ಟ್ರಿಗರ್ ಒತ್ತಿದಾಗ ಪರದೆ ಕ್ಷಣಮಾತ್ರ ಕಪ್ಪಾಗಿ, ಹಕ್ಕಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಗನ್ನಿನ ಒಳಗಿನ ಸೆನ್ಸರ್ ಆ ಬೆಳಕನ್ನು ಹಿಡಿದರೆ ಗುರಿ ತಾಗಿದಂತೆ. ಈಗಿನ ಎಲ್‌ಸಿಡಿ ಟಿವಿಯಲ್ಲಿ ಚಿತ್ರ ತುಸು ತಡವಾಗಿ ಬರುವುದರಿಂದ ಲೆಕ್ಕ ತಪ್ಪುತ್ತದೆ, ಗನ್ ಕೆಲಸ ಮಾಡುವುದಿಲ್ಲ. ದಪ್ಪ ಟಿವಿ ಗುಜರಿಗೆ ಹೋದರೆ ಅದರೊಂದಿಗೆ ಆಟವೂ ಹೋದಂತೆ.

ಭಾರತದಲ್ಲಿ ಬೆಳೆದವರೊಬ್ಬರ 18 ವರ್ಷದ ಪ್ರಯತ್ನ

ಹಳೇ ಗೇಮ್‌ಗಳ ಲೋಕದಲ್ಲಿ 'ಎಮುಪ್ಯಾರಡೈಸ್' ದೊಡ್ಡ ಹೆಸರು. 2000ದಲ್ಲಿ ಶುರುವಾದ ಈ ಸಂಗ್ರಹದ ಸ್ಥಾಪಕರು ಭಾರತದಲ್ಲಿ ಬೆಳೆದವರು. ಚಿಕ್ಕಂದಿನಲ್ಲಿ ತಮಗೆ ಆಡಲು ಸಿಗದ ಗೇಮ್‌ಗಳು ಬೇರೆಯವರಿಗಾದರೂ ಸಿಗಲಿ ಎಂದು ಇದನ್ನು ಆರಂಭಿಸಿದ್ದಾಗಿ ಅವರೇ ಹೇಳಿಕೊಂಡಿದ್ದರು. ಸಾವಿರಾರು ಗೇಮ್ ಫೈಲ್‌ಗಳು ಅಲ್ಲಿ ಉಚಿತವಾಗಿ ಸಿಗುತ್ತಿದ್ದವು.

ಆದರೆ ಅವುಗಳ ಹಕ್ಕು ಬೇರೆ ಕಂಪನಿಗಳದ್ದಾಗಿತ್ತು. 2018ರ ಜುಲೈನಲ್ಲಿ ನಿಂಟೆಂಡೊ ಕಂಪನಿ ಇಂಥದ್ದೇ ಕೆಲಸ ಮಾಡುತ್ತಿದ್ದ 'ಲವ್‌ರೋಮ್ಸ್' ವಿರುದ್ಧ ಅಮೆರಿಕದಲ್ಲಿ ಮೊಕದ್ದಮೆ ಹೂಡಿತು. ಮರು ತಿಂಗಳೇ ಎಮುಪ್ಯಾರಡೈಸ್ ಗೇಮ್ ಫೈಲ್ ಹಂಚುವುದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಅದೇ ವರ್ಷ ನವೆಂಬರ್‌ನಲ್ಲಿ ಲವ್‌ರೋಮ್ಸ್ ಪ್ರಕರಣ 1.2 ಕೋಟಿ ಡಾಲರ್‌ಗೂ ಹೆಚ್ಚಿನ ಮೊತ್ತದ ತೀರ್ಪಿನೊಂದಿಗೆ ಮುಗಿಯಿತು. ಹವ್ಯಾಸಿಗಳು ಕಲಿಯಬೇಕಾದ ಪಾಠ ಸರಳ: ಪ್ರೀತಿಯಿಂದ ಮಾಡಿದರೂ, ಹಕ್ಕಿಲ್ಲದ ಫೈಲ್ ಹಂಚಿದರೆ ವರ್ಷಗಳ ಶ್ರಮ ಒಂದೇ ದಿನಕ್ಕೆ ನಿಲ್ಲಬಹುದು.

ನಮ್ಮ ಕಾನೂನು ಏನು ಹೇಳುತ್ತದೆ?

1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ 'ಸಾಹಿತ್ಯ ಕೃತಿ'ಯೇ. ಸಾಹಿತ್ಯ ಕೃತಿಗೆ ಸಾಮಾನ್ಯವಾಗಿ ಕರ್ತೃವಿನ ಮರಣದ ನಂತರ 60 ವರ್ಷ ರಕ್ಷಣೆ ಇರುತ್ತದೆ. ಹಾಗಾಗಿ 'ಗೇಮ್ ಹಳೆಯದಾಯಿತು, ಈಗ ಯಾರೂ ಮಾರುತ್ತಿಲ್ಲ' ಎಂಬುದು ಕಾನೂನಿನ ಮುಂದೆ ನಿಲ್ಲುವ ಮಾತಲ್ಲ.

ಕಾಯ್ದೆಯ 52ನೇ ಸೆಕ್ಷನ್ ಕೆಲವು ವಿನಾಯಿತಿ ಕೊಡುತ್ತದೆ. ಕಾನೂನುಬದ್ಧವಾಗಿ ನಿಮ್ಮ ಬಳಿ ಇರುವ ಪ್ರೋಗ್ರಾಂ ಹಾಳಾದೀತು ಎಂದು ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು. ವಾಣಿಜ್ಯ ಉದ್ದೇಶವಿಲ್ಲದ ಸ್ವಂತ ಬಳಕೆಗೂ ಪ್ರತಿ ಮಾಡಿಕೊಳ್ಳಲು ಅವಕಾಶವಿದೆ. ಆ ಪ್ರತಿಯನ್ನು ಊರಿಗೆಲ್ಲ ಹಂಚಲು ಅವಕಾಶವಿಲ್ಲ. ಉದ್ದೇಶಪೂರ್ವಕ ಉಲ್ಲಂಘನೆಗೆ 3 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಹಾಗಾದರೆ ಹವ್ಯಾಸಿ ಮಾಡಬಹುದಾದ್ದೇನು?

ಮಾರಿಯೋನಂಥ ಹೆಸರಾಂತ ಗೇಮ್‌ಗಳಿಗೆ ಜಗತ್ತಿನಾದ್ಯಂತ ಕಾವಲುಗಾರರಿದ್ದಾರೆ. ನಮ್ಮ ಪೇಟೆಗಳಲ್ಲಿ ಮಾರಾಟವಾದ ನಕಲು ಯಂತ್ರಗಳ ಕಥೆ ಬರೆದಿಡಬೇಕಾದವರು ಮಾತ್ರ ನಾವೇ. ಎಷ್ಟೋ ಡಬ್ಬಗಳ ಮೇಲೆ ತಯಾರಕರ ಹೆಸರೂ ಸರಿಯಾಗಿ ಇರುತ್ತಿರಲಿಲ್ಲ. ಹೀಗಾಗಿ ಫೈಲ್‌ಗಿಂತ ದಾಖಲೆಗೇ ಹೆಚ್ಚು ಬೆಲೆ.

* ಡಬ್ಬ, ಕಾರ್ಟ್ರಿಜ್, ಬಿಲ್, ಬಳಕೆದಾರರ ಕೈಪಿಡಿ ಸಿಕ್ಕರೆ ಫೋಟೋ ತೆಗೆದಿಡಿ. ಎಲ್ಲಿ, ಯಾವಾಗ, ಎಷ್ಟಕ್ಕೆ ಕೊಂಡದ್ದು ಎಂದು ಬರೆದಿಡಿ.

* ಆಗ ಅಂಗಡಿ ಇಟ್ಟಿದ್ದವರು, ರಿಪೇರಿ ಮಾಡುತ್ತಿದ್ದವರು ಇದ್ದರೆ ಮಾತನಾಡಿಸಿ, ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ.

* ಫ್ಲಾಪಿ ಇದ್ದರೆ ತಡ ಮಾಡದೆ ಅದರ ಪೂರ್ಣ ಬ್ಯಾಕಪ್ ತೆಗೆಯಿರಿ. ಬೂಸ್ಟು ಹಿಡಿದದ್ದನ್ನು ಸ್ವಚ್ಛ ಮಾಡದೆ ಡ್ರೈವ್‌ಗೆ ಹಾಕಬೇಡಿ, ಡ್ರೈವ್ ಕೂಡ ಕೆಡುತ್ತದೆ.

* ಡಾಸ್ ಗೇಮ್‌ಗಳನ್ನು ಇಂದಿನ ಕಂಪ್ಯೂಟರ್‌ನಲ್ಲಿ ಆಡಲು 'ಡಾಸ್‌ಬಾಕ್ಸ್' ಎಂಬ ಉಚಿತ ತಂತ್ರಾಂಶವಿದೆ.

* ಗೇಮ್ ಬಗ್ಗೆ ನಿಮ್ಮದೇ ಮಾತಿನಲ್ಲಿ ಕನ್ನಡದಲ್ಲಿ ಬರೆಯಿರಿ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

* ಸಂಗ್ರಹದ ಪ್ರತಿಯನ್ನು ಒಂದೇ ಕಡೆ ಇಡಬೇಡಿ. ನಿಮ್ಮ ನಂತರ ಅದನ್ನು ಯಾರು ನೋಡಿಕೊಳ್ಳಬೇಕು ಎಂದು ಈಗಲೇ ಒಬ್ಬರಿಗೆ ಹೇಳಿಡಿ.

ಕಪಾಟಿನಲ್ಲಿ ಸಿಕ್ಕ 'ಪ್ರಿನ್ಸ್'

'ಪ್ರಿನ್ಸ್ ಆಫ್ ಪರ್ಷಿಯಾ' ರೂಪಿಸಿದ ಜೋರ್ಡನ್ ಮೆಕ್ನರ್, 1989ರ ಆ ಗೇಮ್‌ನ ಮೂಲ ಕೋಡ್ ಕಳೆದೇ ಹೋಯಿತು ಎಂದುಕೊಂಡಿದ್ದರು. 2012ರಲ್ಲಿ ಅವರ ತಂದೆಗೆ ಮನೆಯ ಕಪಾಟಿನ ಡಬ್ಬವೊಂದರಲ್ಲಿ ಆ ಫ್ಲಾಪಿಗಳು ಸಿಕ್ಕವು. ಇಪ್ಪತ್ತಕ್ಕೂ ಹೆಚ್ಚು ವರ್ಷ ಹಳೆಯದಾದರೂ ಪರಿಣತ ಹವ್ಯಾಸಿಗಳ ನೆರವಿನಿಂದ ಅವುಗಳನ್ನು ಓದಲು ಸಾಧ್ಯವಾಯಿತು. ಮೆಕ್ನರ್ ಆ ಕೋಡ್ ಅನ್ನು ಎಲ್ಲರೂ ನೋಡುವಂತೆ ಪ್ರಕಟಿಸಿದರು.

ಹೈದರಾಬಾದ್‌ನಲ್ಲಿರಲಿ, ಕಲಬುರಗಿಯಲ್ಲಿರಲಿ, ನಿಮ್ಮ ಮನೆಯ ಅಟ್ಟದ ಮೇಲೂ ಅಂಥದ್ದೊಂದು ಡಬ್ಬ ಇರಬಹುದು. ಗುಜರಿಯವನಿಗೆ ಕೊಡುವ ಮುನ್ನ ಒಮ್ಮೆ ತೆರೆದು ನೋಡಿ.