ಹೂಮಳೆ ಮತ್ತು ಹೊನ್ನಾರು: ಬೆಟ್ಟದ ನಾಡಿನ ಬೇಸಿಗೆ ಮಳೆಯ ಕಥೆ

ನಮ್ಮ ಸಂಘ ಹುಟ್ಟಿದ ಕಥೆ, ಷೇರು ಬಂಡವಾಳದ ಲೆಕ್ಕ ಎಲ್ಲವೂ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿವೆ. ನಮಗೆ ಒಪ್ಪಿಸಿದ್ದು ‘ಏನಾದರೂ ಚರಿತ್ರೆ ಬರೆಯಿರಿ’ ಎಂಬ ಕೆಲಸ. ರಾಜರ ಚರಿತ್ರೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾವು ಮಳೆಯ ಚರಿತ್ರೆ ಬರೆಯೋಣ ಎಂದುಕೊಂಡೆವು. ಅದೂ ಮುಂಗಾರಿನದಲ್ಲ. ಶಿವರಾತ್ರಿ ಕಳೆದು ಯುಗಾದಿ ಬರುವ ಹೊತ್ತಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವಂಥ ಮಳೆಯದು.

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ನಿಡಘಟ್ಟದ ಬಯಲಿನಲ್ಲಿ ಅದು ಹೆಚ್ಚುಕಮ್ಮಿ ನಿಜ. ಆದರೆ ಇಲ್ಲಿಂದ ಮೈಸೂರು, ಹುಣಸೂರು ದಾಟಿ ಮಡಿಕೇರಿಗೆ ಹೋಗಿ ನೋಡಿ. ಸುಮಾರು 3,800 ಅಡಿ ಎತ್ತರದ ಆ ಊರಿನಲ್ಲಿ ಮಾರ್ಚ್ ತಿಂಗಳ ಒಂದೇ ದಿನದಲ್ಲಿ ಮೂರು ಕಾಲ ಕಂಡುಬಿಡಬಹುದು. ಬೆಳಿಗ್ಗೆ ಮಂಜು, ಸ್ವೆಟರ್ ಬೇಕು. ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು. ನಾಲ್ಕು ಗಂಟೆಗೆ ಕಪ್ಪು ಮೋಡ, ಗುಡುಗು, ಕೆಲವು ಸಲ ಆಲಿಕಲ್ಲು. ಆರು ಗಂಟೆಗೆ ಏನೂ ಆಗಿಲ್ಲವೆಂಬಂತೆ ಆಕಾಶ ತಿಳಿಯಾಗಿರುತ್ತದೆ. ಕಾರಣ ಕಷ್ಟದ್ದೇನಲ್ಲ. ಬಿಸಿಲಿಗೆ ನೆಲ ಕಾಯುತ್ತದೆ, ಸಮುದ್ರದ ಕಡೆಯಿಂದ ತೇವದ ಗಾಳಿ ಬರುತ್ತದೆ, ಬೆಟ್ಟ ಅದನ್ನು ಮೇಲಕ್ಕೆ ಎತ್ತುತ್ತದೆ. ಮೇಲೆ ಹೋದ ಗಾಳಿ ತಣ್ಣಗಾಗಿ ಮೋಡವಾಗಿ ಗುಡುಗುತ್ತದೆ. ಈ ಮೂರರಲ್ಲಿ ಒಂದು ತಪ್ಪಿದರೂ ಮಳೆ ಇಲ್ಲ. ಅದಕ್ಕೇ ಈ ಮಳೆಯನ್ನು ನೆಚ್ಚಿಕೊಳ್ಳುವ ಹಾಗಿಲ್ಲ.

ಆದರೆ ಕೊಡಗಿನ ಕಾಫಿ ನಿಂತಿರುವುದೇ ಈ ನೆಚ್ಚಲಾಗದ ಮಳೆಯ ಮೇಲೆ. ಅಲ್ಲಿನವರು ಇದನ್ನು ಹೂಮಳೆ ಅನ್ನುತ್ತಾರೆ. ಕಾಫಿ ಗಿಡದ ಮೊಗ್ಗು ಬೇಸಿಗೆಯಲ್ಲಿ ನಿದ್ದೆ ಮಾಡುತ್ತಿರುತ್ತದೆ. ಫೆಬ್ರವರಿ ಕೊನೆ, ಮಾರ್ಚಿನಲ್ಲಿ ರೋಬಸ್ಟಾಗೆ, ಮಾರ್ಚ್-ಏಪ್ರಿಲಿನಲ್ಲಿ ಅರೇಬಿಕಾಗೆ ಸುಮಾರು ಒಂದು ಇಂಚು ಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ವಾಸನೆ ರಸ್ತೆಯವರೆಗೂ ಬರುತ್ತದೆ. ಬರಿ ತುಂತುರು ಬಿದ್ದರೆ ಮೊಗ್ಗು ಅರೆಬರೆ ಎಚ್ಚೆತ್ತು ಕೆಡುತ್ತದೆ. ಹೂ ಅರಳಿದ ದಿನವೇ ಮಳೆ ಹೊಡೆದರೆ ಪರಾಗ ತೊಳೆದುಹೋಗುತ್ತದೆ. ಕಾಯಿ ಕಚ್ಚಿದ ಮೇಲೆ ಎರಡು-ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಅದಕ್ಕೆ ಹಿಂಬಾಲು ಮಳೆ ಎನ್ನಬಹುದು. ಅಂತೂ ಇಡೀ ವರ್ಷದ ಸಂಪಾದನೆ ಎರಡು ಸಂಜೆಗಳ ಮೇಲೆ ನಿಂತಿದೆ! ಹೀಗಾಗಿಯೇ ಕೊಡಗಿನ ಬೆಳೆಗಾರ ಮನೆಯ ಮುಂದೆ ಮಳೆ ಅಳೆಯುವ ಮಾಪಕ ಇಟ್ಟು, ದಿನವೂ ಇಂಚು-ಸೆಂಟುಗಳಲ್ಲಿ ಬರೆದಿಡುತ್ತಾನೆ. ನೂರು ಸೆಂಟು ಅಂದರೆ ಒಂದು ಇಂಚು. ನಾವು ಜಮೀನು ಅಳೆಯುವ ಸೆಂಟು ಅಲ್ಲ, ಗಮನಿಸಿ.

ಈ ಪಾಠ ಅವರಿಗೆ ಪುಕ್ಕಟೆ ಸಿಕ್ಕಿದ್ದಲ್ಲ. ಮಡಿಕೇರಿಯಲ್ಲಿ ಫೌಲರ್ ಎಂಬ ಇಂಗ್ಲಿಷ್ ದೊರೆ 1854ರಲ್ಲಿ ತೋಟ ಹಾಕಿದ ಮೇಲೆ ದೊರೆಗಳು ಒಬ್ಬರ ಹಿಂದೆ ಒಬ್ಬರು ಬಂದರು. ಕಾಡು ಕಡಿದು, ನೆರಳಿಲ್ಲದೆ ಗಿಡ ನೆಟ್ಟರು. 1860ರ ದಶಕದಲ್ಲಿ ಒಣಹವೆ ಹೆಚ್ಚಿ ಕಾಂಡಕೊರಕ ಹುಳು ತೋಟ ತೋಟಗಳನ್ನೇ ಒಣಗಿಸಿತು. ಮದರಾಸು ಸರ್ಕಾರದ ವೈದ್ಯ ಜಾರ್ಜ್ ಬೀಡಿ ಇದನ್ನು ವಿಚಾರಿಸಿ 1869ರಲ್ಲಿ ವರದಿ ಕೊಟ್ಟರು. ನೆರಳು ಬೇಕು ಅನ್ನುವುದು ಆಗ ಎಲ್ಲರಿಗೂ ಮನದಟ್ಟಾಯಿತು. ಇವತ್ತು ಕೊಡಗಿನ ತೋಟ ಕಾಡಿನ ಹಾಗೆ ಕಾಣುವುದು ಆ ಏಟು ತಿಂದದ್ದರಿಂದಲೂ ಹೌದು.

ಇಲ್ಲಿ ನಮ್ಮ ಜಿಲ್ಲೆಗೂ ಒಂದು ನಂಟಿದೆ. ಕಾಫಿಯ ಸಂಶೋಧನೆಗೆ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕೇಂದ್ರ ಶುರುವಾದದ್ದು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ. ಕೆನಡಾ ದೇಶದವರು. ಮಂಡ್ಯದ ಸಕ್ಕರೆ ಕಂಪನಿ 1933ರಲ್ಲಿ ಆದಾಗ ಅದರ ಹಿಂದೆ ನಿಂತವರೂ ಇದೇ ಕೋಲ್ಮನ್. ಬೆಟ್ಟದ ಕಾಫಿ, ಬಯಲಿನ ಕಬ್ಬು ಎರಡಕ್ಕೂ ಒಬ್ಬರೇ ದುಡಿದರು ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ.

ಸಹಕಾರಿಗಳಾದ ನಾವು ಇನ್ನೊಂದು ಮಾತು ಹೇಳಲೇಬೇಕು. ಹೂ ಇದ್ದಲ್ಲಿ ಜೇನು. ವಿರಾಜಪೇಟೆಯಲ್ಲಿ 1936ರಲ್ಲೇ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಆಯಿತು. ಬಡವನ ಮನೆ ಹಿತ್ತಲಿನ ಪೆಟ್ಟಿಗೆಯ ಜೇನಿಗೂ ಮಾರುಕಟ್ಟೆ ಸಿಕ್ಕಿತು. ಆದರೆ 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ಅಂಟುರೋಗ ಬಂದು ಮರಿಹುಳುಗಳು ಸತ್ತು, ಗೂಡು ಗೂಡೇ ಖಾಲಿಯಾದವು. ಮಳೆ ಬಂದರೂ, ಹೂ ಬಿಟ್ಟರೂ ನೊಣವಿಲ್ಲ! ಅಂಥ ಹೊಡೆತದಲ್ಲೂ ಸಂಘ ಬಾಗಿಲು ಹಾಕಲಿಲ್ಲ.

ನಮ್ಮ ಕಡೆ ಇದೇ ಮಳೆಗೆ ಮಾವಿನ ಮಳೆ ಅಂತಾರೆ. ಮದ್ದೂರು, ಚನ್ನಪಟ್ಟಣ, ರಾಮನಗರದ ಕಡೆಯ ಮಾವಿನ ತೋಟದವರನ್ನು ಕೇಳಿ. ಹೂವಿನಲ್ಲಿದ್ದಾಗ ಮೋಡ ಮುಸುಕಿದರೆ ಜಿಗಿಹುಳು, ಬೂದಿರೋಗ. ಕಾಯಿ ಕಚ್ಚಿದ ಮೇಲೆ ಹದವಾಗಿ ಬಂದರೆ ಕಾಯಿ ದಪ್ಪವಾಗುತ್ತೆ. ಗಾಳಿ, ಆಲಿಕಲ್ಲು ಸೇರಿ ಬಂದರೆ ಮಿಡಿಯೆಲ್ಲಾ ನೆಲಕ್ಕೆ, ಉಪ್ಪಿನಕಾಯಿಗೂ ಆಗಲ್ಲ. ರೇಷ್ಮೆ ಸಾಕುವವರ ಪಾಡಂತೂ ಕೇಳಬೇಡಿ. ಹುಳ ಹಣ್ಣಾಗುವ ಹೊತ್ತಿಗೆ ಧಗೆ ಎದ್ದು, ಹಿಂದೆಯೇ ಮಳೆ ಬಂದು, ನೆನೆದ ಸೊಪ್ಪು ಹಾಕಿ ಸಪ್ಪೆರೋಗ ಕಂಡವರು ನಮ್ಮಲ್ಲೂ ಇದ್ದಾರೆ. ಇದೆಲ್ಲಾ ಆಗುವುದು ಸಾಲದ ವಾಯಿದೆಯ ಮಾರ್ಚ್ 31ರ ಆಸುಪಾಸಿಗೇ. ಮೋಡ ನೋಡುತ್ತಾ ಸಂಘದ ಕಟ್ಟೆಯ ಮೇಲೆ ಕೂತ ಸದಸ್ಯನ ಮುಖ ಕಾರ್ಯದರ್ಶಿಗೆ ಚೆನ್ನಾಗಿ ಗೊತ್ತು.

ಹಬ್ಬಗಳಲ್ಲೂ ಈ ಮಳೆಯ ಗುರುತಿದೆ. ಯುಗಾದಿಗೆ ನಮ್ಮ ಸೀಮೆಯಲ್ಲಿ ಹೊನ್ನಾರು ಕಟ್ಟುತ್ತಾರೆ. ಎತ್ತಿಗೆ ಪೂಜೆ ಮಾಡಿ, ವರ್ಷದ ಮೊದಲ ಉಳುಮೆ ಎಂದು ನಾಲ್ಕು ಸಾಲು ಹೊಡೆಯುತ್ತಾರೆ. ಕೊಡಗಿನಲ್ಲಿ ಏಪ್ರಿಲ್ ಮಧ್ಯದ ಎಡಮ್ಯಾರ್ ಒಂದರಂದು ಬೆಳಗಾಗುವ ಮುಂಚೆ ಗದ್ದೆಗೆ ಇಳಿದು ನೇಗಿಲು ಹೂಡುವುದು ಪದ್ಧತಿ. ಎರಡು ನಾಡು, ಎರಡು ನುಡಿ, ಆದರೆ ನೇಗಿಲಿಗೆ ಕಾದಿರುವುದು ಅದೇ ಮೆತ್ತಗಾದ ಮಣ್ಣು. ಅದಾದ ಮೇಲೆ ಅಶ್ವಿನಿ, ಭರಣಿ. ಭರಣಿ ಸುರಿದರೆ ಧರಣಿಯೆಲ್ಲಾ ಬೆಳೆ ಎಂಬ ಗಾದೆ ಎರಡು ಕಡೆಗೂ ಹೊಂದುತ್ತದೆ.

ಒಂದು ತಪ್ಪು ತಿಳಿವಳಿಕೆ ಇದೆ. ಕೊಡಗಿನಲ್ಲಿ ಹೂಮಳೆ ಬಿತ್ತು ಅಂದಕೂಡಲೇ ಕನ್ನಂಬಾಡಿಗೆ ನೀರು ಬಂತು ಅಂತ ಕೆಲವರು ಖುಷಿಪಡುತ್ತಾರೆ. ಒಣಗಿದ ನೆಲ ಆ ಮಳೆಯನ್ನು ಅಲ್ಲೇ ಕುಡಿದುಬಿಡುತ್ತೆ. 124.80 ಅಡಿಯ ಕಟ್ಟೆ ತುಂಬಿಸುವುದು ಮುಂಗಾರು ಮಾತ್ರ. 2023ರ ಬರದ ನಂತರ ಬಂದ 2024ರ ಬೇಸಿಗೆ ನೆನಪಿದೆಯಲ್ಲ? ಆ ಏಪ್ರಿಲಿನಲ್ಲಿ ಬೆಂಗಳೂರಿಗೆ ಲೆಕ್ಕಕ್ಕೆ ಸಿಗುವಷ್ಟು ಮಳೆಯೂ ಬೀಳಲಿಲ್ಲ, ಕಟ್ಟೆಯ ನೀರು 80 ಅಡಿಯ ಆಸುಪಾಸಿಗೆ ಇಳಿದಿತ್ತು. ಜುಲೈನಲ್ಲಿ ಅದೇ ಕಟ್ಟೆ ತುಂಬಿತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿ, ಜೂನ್ ತಿಂಗಳಲ್ಲೇ ಕಟ್ಟೆ ಭರ್ತಿಯಾಯಿತು. ಜೂನ್‌ನಲ್ಲಿ ಹೀಗೆ ತುಂಬಿದ್ದು ಅದೇ ಮೊದಲು.

ಈಗ ಪಂಚಾಯಿತಿ ಮಟ್ಟದಲ್ಲಿ ತಾನೇ ಮಳೆ ಅಳೆದು ಕಳಿಸುವ ಯಂತ್ರಗಳಿವೆ, ಬೆಳೆ ವಿಮೆಗೂ ಅಂಥ ಲೆಕ್ಕವೇ ಆಧಾರ. ಆದರೆ ಬೇಸಿಗೆ ಮಳೆಯ ಗುಣ ನಿಮಗೆ ಗೊತ್ತೇ ಇದೆ. ರಸ್ತೆಯ ಈಚೆ ಆಲಿಕಲ್ಲು, ಆಚೆ ಧೂಳು. ಯಂತ್ರದ ಮೇಲೆ ಬಿಸಿಲು, ತೋಟದ ಮೇಲೆ ಕಲ್ಲು ಬಿದ್ದರೆ ಯಾರು ಸಾಕ್ಷಿ? ಕೊಡಗಿನವರ ಹಾಗೆ ದಿನ, ಹೊತ್ತು, ಇಂಚು, ಸೆಂಟು ಬರೆದಿಟ್ಟವರು ನಮ್ಮಲ್ಲಿ ಇಲ್ಲ. ಯಾವ ವರ್ಷ ಯಾರ ಮಿಡಿ ಉದುರಿತು ಎಂಬುದು ಅಜ್ಜಿಯರ ಬಾಯಲ್ಲಿ ಮಾತ್ರ ಉಳಿದಿದೆ. ಸಂಘದ ಬೀರುವಿನಲ್ಲಿ ಅರ್ಧ ಖಾಲಿ ಇರುವ ಹಳೆಯ ಲೆಡ್ಜರ್ ಒಂದಿದೆ. ಬರುವ ಶಿವರಾತ್ರಿಯಿಂದ ಅದರಲ್ಲಿ ಮಳೆ ಬರೆಯೋಣ ಎಂದು ನಾವು ನಾಲ್ಕೈದು ಮಂದಿ ಮಾತಾಡಿಕೊಂಡಿದ್ದೇವೆ. ನಿಮ್ಮ ತೋಟದಲ್ಲಿ ಹನಿ ಬಿದ್ದರೆ ಬಂದು ಹೇಳಿ.