ಕೊತ್ತಂಬರಿಯ ಒಡಹುಟ್ಟು

ಕೋಸಂಬರಿ (ನಾಮಪದ)

ಹೋಟೆಲಿನ ತಿಂಡಿಪಟ್ಟಿಯಲ್ಲಿ ಇದು ‘ಹೆಸರುಬೇಳೆ ಸಲಾಡ್’ ಆಗಿರುವುದನ್ನು ಕಂಡರೆ ನೋವಾಗುತ್ತದೆ. ಒಳ್ಳೆಯ ಹೆಸರು ಇದ್ದೇ ಇದೆಯಲ್ಲ! ಕನ್ನಡದಲ್ಲಿ ಕೋಸಂಬರಿ–ಕೊತ್ತಂಬರಿ, ಮರಾಠಿಯಲ್ಲಿ ಕೋಶಿಂಬೀರ್–ಕೋಥಿಂಬೀರ್, ತಮಿಳಿನಲ್ಲಿ ಕೋಸುಮಲ್ಲಿ–ಕೊತ್ತಮಲ್ಲಿ: ಮೂರು ನುಡಿಗಳಲ್ಲೂ ತಿನಿಸೂ ಸೊಪ್ಪೂ ಜೋಡಿಯಾಗಿ ನಡೆದಿವೆ. ಕೊತ್ತಂಬರಿಯ ಸಂಸ್ಕೃತ ಹೆಸರು ‘ಕುಸ್ತುಂಬರಿ’. ಅದರ ‘ಸ್ತ’ ಒಂದೆಡೆ ‘ತ್ತ’, ಇನ್ನೊಂದೆಡೆ ‘ಸ’ ಆಗಿ ಉಳಿದಂತಿದೆ. ರಾಮನವಮಿಯಂದು ಪಾನಕದ ಜೊತೆ ಹಂಚುವ ನೆನೆಸಿದ ಬೇಳೆಯದೇ ರೂಢಿಯ ಅರ್ಥ; ಈಗ ಕ್ಯಾರೆಟ್, ದಾಳಿಂಬೆ, ಮೊಳಕೆಕಾಳಿನದೂ ಕೋಸಂಬರಿಯೇ. ‘ಸಲಾಡ್’ ಹುಟ್ಟಿದ್ದು ಉಪ್ಪು ಎಂಬರ್ಥದ ಲ್ಯಾಟಿನ್ ‘ಸಾಲ್’ನಿಂದ. ನಮ್ಮಲ್ಲೋ ತೆಂಗಿನತುರಿ, ನಿಂಬೆರಸ, ಇಂಗು-ಸಾಸಿವೆಯ ಒಗ್ಗರಣೆ ಎಲ್ಲ ಬಿದ್ದ ಮೇಲೆ, ಬಡಿಸುವ ಹೊತ್ತಿಗೆ ಉಪ್ಪು; ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ.