ಅಮೆರಿಕಕ್ಕೆ ಪಿಕಪ್, ಯುರೋಪಿಗೆ ಪುಟ್ಟ ಕಾರು: ಇದು ಬರೀ ಜನರ ಅಭಿರುಚಿಯಾ?

ಪಿಕಪ್ ಅಂದರೆ ನಮಗೆ ತರಕಾರಿ, ಸಿಮೆಂಟ್ ಮೂಟೆ, ಹಾಲಿನ ಕ್ಯಾನ್ ಸಾಗಿಸುವ ಗಾಡಿ. ಅಮೆರಿಕ ಮತ್ತು ಕೆನಡಾದಲ್ಲಿ ಅದು ಆಫೀಸಿಗೆ ಹೋಗುವ, ಮಕ್ಕಳನ್ನು ಶಾಲೆಗೆ ಬಿಡುವ ಮನೆಯ ವಾಹನವೂ ಹೌದು. ಫೋರ್ಡ್ ಕಂಪನಿಯ ಎಫ್-ಸೀರೀಸ್ 1977ರಿಂದ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್. ಅದರಲ್ಲಿ ನಾಲ್ಕು ಬಾಗಿಲಿನ ಎಫ್-150 ಸುಮಾರು 5.9 ಮೀಟರ್ ಉದ್ದ, ಕನ್ನಡಿ ಬಿಟ್ಟೇ 2 ಮೀಟರ್ ಅಗಲ. ಯುರೋಪಿನಲ್ಲಿ ದಶಕಗಳಿಂದ ಮನೆಮಾತಾಗಿರುವ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನ ಉದ್ದ 4.3 ಮೀಟರ್ ಆಸುಪಾಸು.

ಯಾಕೆ ಈ ವ್ಯತ್ಯಾಸ ಎಂದರೆ ಸಿಗುವ ಮಾಮೂಲಿ ಉತ್ತರ ಇದು: ಅಮೆರಿಕ ವಿಶಾಲವಾದ ದೇಶ, ಅಲ್ಲಿನವರಿಗೆ ಸ್ವಾತಂತ್ರ್ಯ ಇಷ್ಟ; ಯುರೋಪಿನದು ಹಳೇ ಊರು, ಕಿರಿದಾದ ಬೀದಿ. ಇದರಲ್ಲಿ ಸ್ವಲ್ಪ ನಿಜ ಇದೆ. ಆದರೆ ಅಮೆರಿಕನ್ನರಲ್ಲಿ ಶೇ. 80ರಷ್ಟು ಮಂದಿ ವಾಸಿಸೋದು ನಗರ ಪ್ರದೇಶಗಳಲ್ಲೇ. ಅವರೆಲ್ಲ ಹುಲ್ಲಿನ ಹೊರೆ ಹೊರುವವರಲ್ಲ. ಉಳಿದ ಉತ್ತರ ಕಾನೂನು ಮತ್ತು ತೆರಿಗೆಯಲ್ಲಿದೆ.

ಕೋಳಿಯಿಂದ ಶುರುವಾದ ಕಥೆ

1960ರ ದಶಕದ ಆರಂಭದಲ್ಲಿ ಅಮೆರಿಕದ ಅಗ್ಗದ ಫಾರಂ ಕೋಳಿ ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ನುಗ್ಗಿತು. ತಮ್ಮ ರೈತರನ್ನು ಕಾಪಾಡಲು ಯುರೋಪಿನ ದೇಶಗಳು ಅದರ ಮೇಲೆ ಸುಂಕ ಏರಿಸಿದವು. ಅದಕ್ಕೆ ಪ್ರತಿಯಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ ಆಲೂಗಡ್ಡೆ ಪಿಷ್ಟ, ಡೆಕ್ಸ್ಟ್ರಿನ್, ಬ್ರಾಂಡಿ ಮತ್ತು ಲಘು ಟ್ರಕ್‌ಗಳ ಆಮದಿನ ಮೇಲೆ ಶೇ. 25 ಸುಂಕ ಹಾಕಿದರು. ಅದು 1964ರಲ್ಲಿ ಜಾರಿಗೆ ಬಂತು. ಮಿಕ್ಕ ಮೂರರ ಮೇಲಿನ ಸುಂಕ ಹೋಯಿತು, ಟ್ರಕ್ ಮೇಲಿನದು ಉಳಿಯಿತು. ಇವತ್ತಿಗೂ ಅದರ ಹೆಸರು 'ಚಿಕನ್ ಟ್ಯಾಕ್ಸ್'.

ಕಾರುಗಳ ಮೇಲಿನ ಆಮದು ಸುಂಕ ದಶಕಗಳ ಕಾಲ ಬರೀ ಶೇ. 2.5 ಇತ್ತು. ಅಂದರೆ ಕಾರಿನಲ್ಲಿ ಜಪಾನ್, ಜರ್ಮನಿಯ ಪೈಪೋಟಿ ಎದುರಿಸಬೇಕಿದ್ದ ಡೆಟ್ರಾಯಿಟ್ ಕಂಪನಿಗಳಿಗೆ ಪಿಕಪ್ ವಿಷಯದಲ್ಲಿ ಕೋಟೆಯೇ ಸಿಕ್ಕಿತು. ಲಾಭ ಎಲ್ಲಿದೆಯೋ ಜಾಹೀರಾತೂ ಅಲ್ಲೇ. ಕೌಬಾಯ್, ಗಂಡಸುತನ, ದುಡಿಮೆಗಾರನ ಹೆಮ್ಮೆ ಎಲ್ಲವನ್ನೂ ಪಿಕಪ್‌ಗೆ ಅಂಟಿಸಿ ಮಾರಲಾಯಿತು. ವಿಪರ್ಯಾಸ ಏನು ಅಂದ್ರೆ, ಫೋರ್ಡ್ ಕಂಪನಿಯೇ ಟರ್ಕಿಯಲ್ಲಿ ತಯಾರಿಸಿದ ತನ್ನ ವ್ಯಾನ್‌ಗಳಿಗೆ ಹಿಂದಿನ ಸೀಟು ಹಾಕಿ, 'ಪ್ರಯಾಣಿಕರ ವಾಹನ' ಎಂದು ಅಮೆರಿಕಕ್ಕೆ ತಂದು, ಆಮೇಲೆ ಸೀಟು ಕಿತ್ತು ಮಾರಿತ್ತು. ಆ ಪ್ರಕರಣ ಇತ್ಯರ್ಥಪಡಿಸಲು 2024ರಲ್ಲಿ 36.5 ಕೋಟಿ ಡಾಲರ್ ಕಟ್ಟಲು ಒಪ್ಪಿಕೊಂಡಿತು.

ಕೆನಡಾ ಇದರೊಳಗೆ ಬಂದದ್ದು 1965ರ ಆಟೋ ಒಪ್ಪಂದದಿಂದ. ಎರಡೂ ದೇಶಗಳ ವಾಹನ ಉದ್ಯಮ ಹೆಚ್ಚುಕಡಿಮೆ ಒಂದಾಯಿತು. ಡೆಟ್ರಾಯಿಟ್ ಮಾರಿದ್ದೇ ಅಲ್ಲಿಯೂ ರೂಢಿಯಾಯಿತು.

ಮೈಲೇಜ್ ಕಾನೂನಿನ ಸಂದಿ

1973ರ ತೈಲ ಬಿಕ್ಕಟ್ಟಿನ ಪೆಟ್ಟು ತಿಂದ ಅಮೆರಿಕ, 1975ರಲ್ಲಿ ಮೈಲೇಜ್ ಕಾನೂನು ತಂದಿತು. ಆದರೆ ಕಾರಿಗೊಂದು ಅಳತೆ, 'ಲಘು ಟ್ರಕ್'ಗೆ ಸಡಿಲವಾದ ಇನ್ನೊಂದು ಅಳತೆ. ರೈತರು, ಕುಶಲಕರ್ಮಿಗಳಿಗೆ ತೊಂದರೆ ಆಗಬಾರದು ಅನ್ನೋದು ವಾದ. ಕಂಪನಿಗಳು ಮಾಡಿದ್ದೇನು? ಟ್ರಕ್‌ನ ಅಡಿಗಟ್ಟಿನ ಮೇಲೆ ಕುಟುಂಬದ ಗಾಡಿ ಕಟ್ಟಿ ಎಸ್‌ಯುವಿ ಅಂತ ಮಾರಿದವು. ಕಾನೂನಿನ ಲೆಕ್ಕದಲ್ಲಿ ಅದೂ ಲಘು ಟ್ರಕ್ಕೇ!

2010ರ ದಶಕದಲ್ಲಿ ನಿಯಮ ಬದಲಾಗಿ, ಗಾಡಿ ನೆಲದ ಮೇಲೆ ಎಷ್ಟು ಜಾಗ ಆಕ್ರಮಿಸುತ್ತದೋ ಅದಕ್ಕೆ ತಕ್ಕ ಗುರಿ ಬಂತು. ಗಾಡಿ ದೊಡ್ಡದಾದಷ್ಟೂ ಗುರಿ ಸಲೀಸು. ಇದರ ಜೊತೆಗೆ, ಒಟ್ಟು ತೂಕ 6,000 ಪೌಂಡ್ (ಸುಮಾರು 2,700 ಕೆ.ಜಿ.) ದಾಟಿದ ವಾಹನವನ್ನು ವ್ಯವಹಾರಕ್ಕೆಂದು ಕೊಂಡರೆ ಆದಾಯ ತೆರಿಗೆಯಲ್ಲಿ ಹೆಚ್ಚಿನ ವಿನಾಯಿತಿ. 2018ರಲ್ಲಿ ಫೋರ್ಡ್, ಮಸ್ಟಾಂಗ್ ಒಂದನ್ನು ಬಿಟ್ಟು ಉತ್ತರ ಅಮೆರಿಕದಲ್ಲಿ ಸೆಡಾನ್‌ಗಳನ್ನು ನಿಲ್ಲಿಸುವುದಾಗಿ ಹೇಳಿತು. 'ಜನ ಕೇಳಿದ್ದನ್ನು ಕೊಡ್ತೀವಿ' ಅನ್ನುವ ವಾದ ಇಲ್ಲಿ ಅರ್ಧ ಮಾತ್ರ ಸತ್ಯ. ಚಿಕ್ಕ ಗಾಡಿ ಶೋರೂಮಿನಲ್ಲೇ ಇಲ್ಲದಿದ್ದರೆ ಆಯ್ಕೆ ಎಲ್ಲಿಂದ ಬರಬೇಕು?

ಯುರೋಪ್ ಏನು ಮಾಡಿತು?

ಅಮೆರಿಕದಲ್ಲಿ ಪೆಟ್ರೋಲ್ ಮೇಲಿನ ಫೆಡರಲ್ ತೆರಿಗೆ ಗ್ಯಾಲನ್‌ಗೆ 18.4 ಸೆಂಟ್. 1993ರಿಂದ ಅದು ಬದಲಾಗಿಲ್ಲ. ಲೀಟರ್ ಲೆಕ್ಕದಲ್ಲಿ 5 ಸೆಂಟ್‌ಗೂ ಕಡಿಮೆ. ರಾಜ್ಯಗಳ ತೆರಿಗೆ ಬೇರೆ ಇದ್ದರೂ ಒಟ್ಟು ಹೊರೆ ಹಗುರ. ಯುರೋಪಿಯನ್ ಒಕ್ಕೂಟದಲ್ಲಿ ಸದಸ್ಯ ದೇಶಗಳು ಲೀಟರ್‌ಗೆ ಕನಿಷ್ಠ ಸುಮಾರು 36 ಯೂರೋ ಸೆಂಟ್ ಹಾಕಲೇಬೇಕು. ಫ್ರಾನ್ಸ್ 2022ರಿಂದ ಭಾರದ ಕಾರುಗಳಿಗೆ ತೂಕದ ತೆರಿಗೆ ಹಾಕುತ್ತಿದೆ. 2024ರಲ್ಲಿ ಪ್ಯಾರಿಸ್ ಜನಮತಗಣನೆ ನಡೆಸಿ, ಹೊರಗಿನಿಂದ ಬರುವ ಭಾರದ ವಾಹನಗಳ ಪಾರ್ಕಿಂಗ್ ಶುಲ್ಕವನ್ನು ನಗರದ ಮಧ್ಯಭಾಗದಲ್ಲಿ ಗಂಟೆಗೆ 18 ಯೂರೋಗೆ ಏರಿಸಿತು. ಹಾಗಾದರೆ ಯುರೋಪಿನ ಪ್ಲಂಬರ್, ಎಲೆಕ್ಟ್ರಿಷಿಯನ್ ಸಾಮಾನು ಹೊರೋದು ಹೇಗೆ? ವ್ಯಾನ್‌ನಲ್ಲಿ. ಮಳೆ ತಾಗಲ್ಲ, ಬೀಗ ಹಾಕಬಹುದು.

ಇದೆಲ್ಲ ತಾನಾಗಿ ಆದದ್ದಲ್ಲ. ನೆದರ್ಲೆಂಡ್ಸ್‌ನಲ್ಲಿ 1971ರ ಒಂದೇ ವರ್ಷ 400ಕ್ಕೂ ಹೆಚ್ಚು ಮಕ್ಕಳು ರಸ್ತೆಯಲ್ಲಿ ಸತ್ತಿದ್ದರು. 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ಹೆತ್ತವರು ಬೀದಿಗಿಳಿದರು. ಇಂದು ನಾವು ಫೋಟೋಗಳಲ್ಲಿ ನೋಡುವ ಸೈಕಲ್ ದಾರಿಗಳ ಹಿಂದೆ ಆ ಹೋರಾಟ ಇದೆ. ಅದೇ ಹೊತ್ತಿಗೆ ಅಮೆರಿಕ, 1956ರ ಹೆದ್ದಾರಿ ಕಾಯ್ದೆಯ 41,000 ಮೈಲಿ ಯೋಜನೆಯ ಸುತ್ತ, ಕಾರಿಲ್ಲದೆ ಹಾಲು ತರಲೂ ಆಗದಂಥ ಬಡಾವಣೆಗಳನ್ನು ಕಟ್ಟುತ್ತಿತ್ತು.

ಬೆಲೆ ತೆರುವವರು ಯಾರು?

ರಸ್ತೆಯಲ್ಲಿ ನಡೆಯುವವರು. ಅಮೆರಿಕದಲ್ಲಿ 2009ರಲ್ಲಿ ಸುಮಾರು 4,100 ಪಾದಚಾರಿಗಳು ವಾಹನ ಡಿಕ್ಕಿಯಾಗಿ ಸತ್ತರೆ, 2022ರಲ್ಲಿ ಆ ಸಂಖ್ಯೆ 7,500 ದಾಟಿತು. ಇದಕ್ಕೆ ವೇಗ, ರಸ್ತೆ ವಿನ್ಯಾಸದಂಥ ಕಾರಣಗಳೂ ಇವೆ. ಆದರೆ ಅಲ್ಲಿನ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾನೆಟ್ 40 ಇಂಚಿಗಿಂತ ಎತ್ತರವಿರುವ ವಾಹನ ಗುದ್ದಿದರೆ ಸಾಯುವ ಸಾಧ್ಯತೆ, ಬಾನೆಟ್ ತಗ್ಗಾಗಿ ಇಳಿಜಾರಾಗಿರುವ ಕಾರಿಗಿಂತ ಸುಮಾರು ಶೇ. 45 ಹೆಚ್ಚು. ಕಾರಿನ ಮೂತಿ ಪಾದಚಾರಿಗೆ ಎಷ್ಟು ಪೆಟ್ಟು ಮಾಡುತ್ತದೆ ಎಂದು ಪರೀಕ್ಷಿಸುವ ನಿಯಮವನ್ನು ಯುರೋಪ್ 2003ರಲ್ಲೇ ತಂದಿತು. ಅಂಥದ್ದರ ಕರಡು ಅಮೆರಿಕದಲ್ಲಿ ಬಂದದ್ದು 2024ರಲ್ಲಿ.

ಈಗೇಕೆ ಈ ಚರ್ಚೆ?

ಯುರೋಪನ್ನು ಆದರ್ಶ ಅನ್ನುವ ಹಾಗೂ ಇಲ್ಲ. ಜರ್ಮನಿಯ ಹೆದ್ದಾರಿಗಳ ಹಲವು ಭಾಗಗಳಲ್ಲಿ ಇವತ್ತಿಗೂ ವೇಗಮಿತಿ ಇಲ್ಲ. ಯುರೋಪಿನಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಸ್‌ಯುವಿಗಳೇ ಆಗಿವೆ. ಅದರ ಮೇಲೆ, 2025ರ ಆಗಸ್ಟ್‌ನಲ್ಲಿ ಅಮೆರಿಕ ಮತ್ತು ಯುರೋಪಿಯನ್ ಒಕ್ಕೂಟ ಹೊರಡಿಸಿದ ಜಂಟಿ ಹೇಳಿಕೆಯಲ್ಲಿ, ಒಬ್ಬರ ವಾಹನ ಮಾನದಂಡವನ್ನು ಇನ್ನೊಬ್ಬರು ಒಪ್ಪುವ ಉದ್ದೇಶವಿದೆ ಎಂದಿದ್ದಾರೆ. ಅದು ಪೂರ್ತಿ ಜಾರಿಯಾದರೆ, ಪಾದಚಾರಿ ಪರೀಕ್ಷೆಗೆ ಒಳಗಾಗದ ಪಿಕಪ್‌ಗಳಿಗೂ ಯುರೋಪಿನ ಬೀದಿ ತೆರೆದುಕೊಳ್ಳುತ್ತದೆ. ಅದೇ 2025ರಲ್ಲಿ ಅಮೆರಿಕ, ಮೈಲೇಜ್ ಗುರಿ ತಪ್ಪಿದ ಕಂಪನಿಗಳಿಗೆ ಹಾಕುತ್ತಿದ್ದ ದಂಡವನ್ನು ಸೊನ್ನೆಗೆ ಇಳಿಸಿದೆ.

ಕಾರಿನ ಗಾತ್ರವನ್ನು ಕಾನೂನು ತಿದ್ದುತ್ತದೆ ಅನ್ನೋದು ನಮಗೂ ಹೊಸದಲ್ಲ. 4 ಮೀಟರ್ ಒಳಗಿನ ಸಣ್ಣ ಎಂಜಿನ್ ಕಾರಿಗೆ ಕಡಿಮೆ ತೆರಿಗೆ ಎಂದ ಮೇಲೆ ಭಾರತದಲ್ಲಿ ಎಷ್ಟು ಮಾದರಿಗಳು ಆ ಅಳತೆಯೊಳಗೆ ಮುದುಡಿಕೊಂಡವು ನೋಡಿ. ಹಾಗಾಗಿ ಯಾರಾದರೂ 'ದೊಡ್ಡ ಗಾಡಿ ಅಮೆರಿಕನ್ನರ ಸಂಸ್ಕೃತಿ ಕಣ್ರೀ' ಅಂದರೆ, ಆ ಸಂಸ್ಕೃತಿಗೆ ಸುಂಕ, ವಿನಾಯಿತಿ, ಸಡಿಲಿಕೆ ಕೊಟ್ಟು ಸಾಕಿದವರು ಯಾರು ಎಂದೂ ಕೇಳಬೇಕು. ಸರ್ಕಾರ ಬರೆದ ನಿಯಮವನ್ನು ಸರ್ಕಾರವೇ ತಿದ್ದಬಹುದು. ಡಚ್ ತಂದೆತಾಯಂದಿರು ತಮ್ಮ ಸರ್ಕಾರದಿಂದ ಮಾಡಿಸಿದ್ದೂ ಅದನ್ನೇ.